ಬಿಸಿಯಾದಾಗ ಮುಷ್ಕರ ಹೂಡುವ ಹಳೆಯ ಕಾರು

ಬೆಳಿಗ್ಗೆ ಮೊದಲ ಯತ್ನಕ್ಕೇ ಚಾಲೂ ಆಗುವ ಹಳೆಯ ಕಾರು, ಪೇಟೆಯಲ್ಲಿ ಸರಕು ಇಳಿಸಿ ಕಾಲು ಗಂಟೆಯ ನಂತರ ಕೀಲಿ ತಿರುಗಿಸಿದರೆ ಹೊರಡಲೊಲ್ಲದು. ಅರ್ಧ ಗಂಟೆ ಕಳೆದ ಮೇಲೆ ಏನೂ ನಡೆದಿಲ್ಲವೆಂಬಂತೆ ಓಡತೊಡಗುತ್ತದೆ. ದಿನವೊಂದಕ್ಕೆ ಎಂಟು-ಹತ್ತು ಅಂಗಡಿಗಳ ಮುಂದೆ ನಿಲ್ಲಬೇಕಾದ ವಾಹನಕ್ಕೆ ಈ ರೋಗ ತಗುಲಿದರೆ ವ್ಯಾಪಾರಿಯ ಅರ್ಧ ದಿನವೇ ಕೈತಪ್ಪುತ್ತದೆ. ಗ್ಯಾರೇಜು ತಲುಪುವ ವೇಳೆಗೆ ಗಾಡಿ ತಣ್ಣಗಾಗಿರುವುದರಿಂದ ಅಲ್ಲಿ ದೋಷ ಕಾಣುವುದಿಲ್ಲ. ಆಗ ಅಂದಾಜಿನ ಮೇಲೆ ಮೊದಲು ಪ್ಲಗ್, ಅನಂತರ ಕಾಯಿಲ್, ಕೊನೆಗೆ ಪೆಟ್ರೋಲ್ ಪಂಪು ಎಂದು ಒಂದೊಂದೇ ಭಾಗ ಬದಲಾಗುತ್ತದೆ. ಬಿಲ್ಲು ಬೆಳೆಯುತ್ತದೆ, ರೋಗ ಉಳಿಯುತ್ತದೆ.

ಓಡುವ ಕಾರಿಗಿಂತ ಆಗತಾನೆ ನಿಂತ ಕಾರಿನ ಬಾನೆಟ್ಟಿನೊಳಗೆ ಕಾವು ಹೆಚ್ಚು. ಎಂಜಿನ್ ನಿಂತೊಡನೆ ನೀರಿನ ಸಂಚಾರವೂ ಗಾಳಿಯ ಹರಿವೂ ನಿಲ್ಲುತ್ತವೆ. ಕಬ್ಬಿಣದೊಳಗಿನ ಶಾಖವು ಸುತ್ತಲಿನ ಪಂಪು, ಕೊಳವೆ, ಕಾರ್ಬ್ಯುರೇಟರುಗಳಿಗೆ ಹರಡುತ್ತದೆ. ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ನಿರಾತಂಕವಾಗಿ ಓಡಿದ ಕಾರು ಚಹಾದ ವಿರಾಮದ ನಂತರ ಕೈಕೊಡುವುದು ಇದರಿಂದಲೇ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ದಾಟುವುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಆದುದರಿಂದ ತಪಾಸಣೆಯು ಗಾಡಿ ಹಠ ಹಿಡಿದು ನಿಂತ ಹತ್ತಿಪ್ಪತ್ತು ನಿಮಿಷಗಳಲ್ಲೇ ನಡೆಯತಕ್ಕದ್ದು. ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಎಂದಿನ ವೇಗದಲ್ಲಿ ಎಂಜಿನನ್ನು ತಿರುಗಿಸುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಬರಿಯ 'ಟಕ್' ಶಬ್ದ ಬಂದರೆ ಅಥವಾ ತಿರುಗುವಿಕೆ ಮಂದವಾಗಿದ್ದರೆ ಪೆಟ್ರೋಲನ್ನು ದೂರುವುದು ವ್ಯರ್ಥ. ಬ್ಯಾಟರಿಯ ಟರ್ಮಿನಲ್, ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ತಂತಿ, ಸವೆದ ಬುಶ್ಶು ಇವುಗಳನ್ನು ನೋಡಬೇಕು. ಕಾದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಪ್ರತಿರೋಧ ಹೆಚ್ಚುವುದರಿಂದ ತಣ್ಣಗಿದ್ದಾಗ ಮರೆಯಾಗಿದ್ದ ದೌರ್ಬಲ್ಯ ಆಗ ಬಯಲಾಗುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನು ಪರೀಕ್ಷಿಸಬೇಕು. ಒಂದು ಹೆಚ್ಚುವರಿ ಪ್ಲಗ್ಗನ್ನು ತಂತಿಗೆ ಸೇರಿಸಿ, ಲೋಹದ ಭಾಗಕ್ಕೆ ಭದ್ರವಾಗಿ ತಾಗಿಸಿ, ಕಾರ್ಬ್ಯುರೇಟರಿನಿಂದ ದೂರವಿರಿಸಿ ನೋಡಬಹುದು. ಪೆಟ್ರೋಲಿನ ವಾಸನೆ ಗಾಢವಾಗಿದ್ದಲ್ಲಿ ಈ ಪರೀಕ್ಷೆಗೆ ಕೈಹಾಕಲೇಬಾರದು. ನೀಲಿ ಕಿಡಿ ಬಾರದಿದ್ದರೆ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಮೇಲೆ ಸಂಶಯ ಪಡಬೇಕು. ಕಾದಾಗ ಒಳತಂತಿ ಹಿಗ್ಗಿ ಸಂಪರ್ಕ ಕಡಿದು, ತಣಿದ ಮೇಲೆ ಮತ್ತೆ ಕೂಡುವ ಕಾಯಿಲುಗಳು ಅಪರೂಪವೇನಲ್ಲ. ಮಲ್ಟಿಮೀಟರಿನಿಂದ ಬಿಸಿಯಲ್ಲೊಮ್ಮೆ, ತಣ್ಣಗಾದಾಗ ಇನ್ನೊಮ್ಮೆ ಅಳೆದರೆ ವ್ಯತ್ಯಾಸ ತಿಳಿದೀತು.

ಕಿಡಿ ಸರಿಯಿದ್ದರೆ ಉಳಿಯುವುದು ಇಂಧನ. ಇಲ್ಲಿ ಎರಡು ತದ್ವಿರುದ್ಧ ದೋಷಗಳಿದ್ದು, ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಕುದಿದು ಎಂಜಿನ್ನಿಗೆ ಉಕ್ಕಿದ್ದರೆ ಘಾಟು ಮೂಗಿಗೆ ಹೊಡೆಯುತ್ತದೆ. ಆಗ ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ತಿರುಗಿಸಬೇಕು. ಪದೇ ಪದೇ ಒತ್ತಿ ಬಿಡುವುದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ವಾಸನೆಯೇ ಇಲ್ಲದಿದ್ದರೆ ಪಂಪು ಅಥವಾ ಕೊಳವೆಯಲ್ಲಿ ಆವಿ ತುಂಬಿ ಪೆಟ್ರೋಲ್ ಬರದೆ ನಿಂತಿರಬೇಕು. ಅಂಬಾಸಡರ್, ಪದ್ಮಿನಿ ಕಾರುಗಳ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. ಉಪಾಯ ಸರಿಯಾದುದೇ, ಆದರೆ ಅಂದಿನ ಮಟ್ಟಿಗೆ ಮಾತ್ರ. ಪಂಪು ಹಾಗೂ ಕಾರ್ಬ್ಯುರೇಟರಿನ ಅಡಿಯಲ್ಲಿ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇದೆಯೇ, ಹಿಂದೊಮ್ಮೆ ಬಿಚ್ಚಿದವರು ಅದನ್ನು ಹಾಕಲು ಮರೆತರೇ, ಪೆಟ್ರೋಲ್ ಕೊಳವೆ ಸೈಲೆನ್ಸರ್ ಕಡೆಗೆ ಜಾರಿದೆಯೇ ಎಂದು ನೋಡುವುದು ಶಾಶ್ವತ ಪರಿಹಾರ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಒಳಸೆಳೆದ ಶಬ್ದವಾಗಿ ಗಾಡಿ ಸರಿಹೋದರೆ, ದೋಷ ಗಾಳಿರಂಧ್ರದ್ದು.

ಈಚೆಗೆ ಎಲ್ಲ ದೂರನ್ನೂ ಎಥನಾಲ್ ತಲೆಗೆ ಕಟ್ಟುವ ವಾಡಿಕೆ ಬಂದಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ನ್ನು ಮುಟ್ಟಿತು. ಹಳೆಯ ರಬ್ಬರ್ ಕೊಳವೆ, ಪಂಪಿನ ಡಯಾಫ್ರಮ್‌ಗಳಿಗೆ ಅದು ಹಿತವಲ್ಲವೆಂಬುದು ದಿಟ. ಇವುಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಾಯಿಸಿಕೊಳ್ಳುವುದು ಲೇಸು. ಆದರೆ ಎಥನಾಲ್ ಬೆರೆಯದ ಕಾಲದಲ್ಲೂ ಅಂಬಾಸಡರ್ ಕಾರುಗಳು ನಡುಬೀದಿಯಲ್ಲಿ ನಿಲ್ಲುತ್ತಿದ್ದವು.

ಇಂಜೆಕ್ಷನ್ ಬಗೆಯ ಹಳೆಯ ಕಾರುಗಳಲ್ಲಿ ಸಂಶಯಿತರೇ ಬೇರೆ: ಕಾದಾಗ ಸೋಲುವ ಕ್ರ್ಯಾಂಕ್ ಸೆನ್ಸರ್, ತಪ್ಪು ವರದಿ ಕೊಡುವ ತಾಪ ಸೆನ್ಸರ್, ಒತ್ತಡ ಹಿಡಿದಿಡದ ಪಂಪಿನ ವಾಲ್ವ್. ಕೀಲಿಯನ್ನು ಸ್ಟಾರ್ಟ್‌ವರೆಗೆ ಒಯ್ಯದೆ ಎರಡು-ಮೂರು ಬಾರಿ ಆನ್, ಆಫ್ ಮಾಡಿದ ಮೇಲೆ ಗಾಡಿ ಚಾಲೂ ಆದರೆ ದೋಷ ಬಹುಮಟ್ಟಿಗೆ ಇಂಧನದ ಒತ್ತಡದ್ದು.

ಗ್ಯಾರೇಜಿಗೆ ಒಯ್ಯುವಾಗ ಸ್ಟಾರ್ಟರ್ ತಿರುಗಿತೇ, ಕಿಡಿ ಇತ್ತೇ, ವಾಸನೆ ಬಂದಿತೇ, ಎಷ್ಟು ನಿಮಿಷಕ್ಕೆ ಸರಿಹೋಯಿತು ಎಂಬುದನ್ನು ಚಾಲಕನಿಂದ ಬರೆಯಿಸಿ ಕೊಡುವುದು ಉತ್ತಮ. ಮೆಕ್ಯಾನಿಕನೇ ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಕಾಲು ಗಂಟೆ ಕಾದು ನೋಡುವಂತೆ ಕೇಳಿಕೊಳ್ಳಬೇಕು. ಆ ಹೊತ್ತಿಗೆ ಕೂಲಿ ಕೊಡಬೇಕಾದರೂ ಅದು ಒಂದು ಅನಗತ್ಯ ಪಂಪಿನ ಬೆಲೆಗಿಂತ ಅಗ್ಗ.