ಸೆರೆ ಕಳಚಿ ಹೊಳೆ ದಾಟಿದವನು

ದಾವಣಗೆರೆಯಿಂದ ಹದಡಿ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಮೊದಲು ಭದ್ರಾ ನಾಲೆ ನೀರಿನ ಭತ್ತದ ಗದ್ದೆ, ಆಮೇಲೆ ಸಾಲು ಸಾಲು ಅಡಿಕೆ ತೋಟ. ಅದೇ ದಾರಿ ಮುಂದೆ ಚನ್ನಗಿರಿಗೆ ಮುಟ್ಟಿಸುತ್ತದೆ. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಊರು ಅದು. ಅಲ್ಲಿನ ಗುಡ್ಡದ ಕೋಟೆ ನೋಡಲು ಹೋದವರಿಗೆ ರಂಗನಾಥನ ಗುಡಿ ಕಾಣುತ್ತದೆ, ಹಳೆಯ ಗೋಡೆಗಳು ಕಾಣುತ್ತವೆ. ಇದೇ ಊರಿನಲ್ಲಿ ಹುಟ್ಟಿದ ಒಬ್ಬ ಕುದುರೆ ಸವಾರ ಮುಂದೆ ವಾಟರ್ಲೂ ಗೆದ್ದ ಸೇನಾಪತಿಯನ್ನು ಇಡೀ ಒಂದು ಮಳೆಗಾಲ ಹೊಳೆಯಿಂದ ಹೊಳೆಗೆ ಓಡಿಸಿದ್ದ ಎಂಬ ಸಂಗತಿ ಮಾತ್ರ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನಗೂ ತಡವಾಗಿಯೇ ಗೊತ್ತಾಯಿತು. ಗೊತ್ತಾದಾಗಿನಿಂದ ಹರಿಹರದ ಸೇತುವೆ ದಾಟುವಾಗಲೆಲ್ಲ ಧೋಂಡಿಯ ವಾಘ್ ನೆನಪಾಗುತ್ತಾನೆ.

ಪವಾರ್ ಮನೆತನದ ಮರಾಠ ಅವನು. ಹೈದರಾಲಿಯ ಕುದುರೆ ಪಡೆಯಲ್ಲಿ ಸೇರಿ ಬೆಳೆದ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಸೈನ್ಯ ಬಿಟ್ಟು ಉತ್ತರಕ್ಕೆ ಸರಿದು ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯ ಪಡೆದ. 1793ರಲ್ಲಿ ಹಾವೇರಿ, ಸವಣೂರು ಅವನ ಕೈಗೆ ಬಂದವು. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಿದಾಗ ನಿಲ್ಲಲು ನೆಲೆಯಿಲ್ಲದೆ 1794ರಲ್ಲಿ ಸುಮಾರು ಇನ್ನೂರು ಸವಾರರೊಂದಿಗೆ ಟಿಪ್ಪುವಿನ ಬಳಿಗೇ ಮರಳಿದ. ಅಲ್ಲಿ ಅವನ ಧರ್ಮ ಬದಲಾಯಿತು, ಹೆಸರು ಶೇಖ್ ಅಹಮದ್ ಆಯಿತು. ಸ್ವಲ್ಪ ದಿನದಲ್ಲೇ ಕಾಲಿಗೆ ಸಂಕೋಲೆಯೂ ಬಿತ್ತು.

ಐದು ವರ್ಷ ಶ್ರೀರಂಗಪಟ್ಟಣದ ಸೆರೆ. 1799ರ ಮೇ 4ರಂದು ಕೋಟೆ ಬ್ರಿಟಿಷರ ಕೈಗೆ ಬಿದ್ದು ಟಿಪ್ಪು ಮಡಿದ. ಆ ಗದ್ದಲದಲ್ಲಿ ಸೆರೆಮನೆಯ ಬಾಗಿಲು ತೆರೆದುಕೊಂಡಿತು. ಹೊರಬಂದವನು ಬಿದನೂರು ಸೀಮೆಗೆ ನಡೆದ. ಒಡೆಯನನ್ನೂ ಸಂಬಳವನ್ನೂ ಒಟ್ಟಿಗೆ ಕಳೆದುಕೊಂಡ ಮೈಸೂರಿನ ಸವಾರರು ಆಗ ದಾರಿ ತುಂಬ ಇದ್ದರು. ಕುದುರೆ ಇದೆ, ಕತ್ತಿ ಇದೆ, ಊಟಕ್ಕಿಲ್ಲ. ಅವರು ಇವನ ಹಿಂದೆ ಬಂದರು. ಸೆರೆಯಿಂದ ಎದ್ದು ಬಂದ ಮನುಷ್ಯ ತನಗೆ ತಾನೇ ಇಟ್ಟುಕೊಂಡ ಬಿರುದು ‘ಉಭಯ ಲೋಕಾಧೀಶ್ವರ’. ಬ್ರಿಟಿಷ್ ಅಧಿಕಾರಿಗಳು ಇದನ್ನು ಹಾಸ್ಯ ಮಾಡಿ ಪತ್ರ ಬರೆದುಕೊಂಡರು. ಐದು ವರ್ಷ ಕತ್ತಲೆ ಕಂಡವನಿಗೆ ಎರಡು ಲೋಕ ಬೇಕೆನ್ನಿಸಿದ್ದರಲ್ಲಿ ನನಗೆ ನಗುವಂಥದ್ದೇನೂ ಕಾಣುವುದಿಲ್ಲ. ಹಾಗೆಂದು ಅವನು ಊರುಗಳನ್ನು ಸುಲಿದದ್ದನ್ನು ಮುಚ್ಚಿಡಲಾರೆ. ಅವನ ದಂಡು ಹಾದುಹೋದ ಊರಿನ ರೈತನ ಕಣಜಕ್ಕೆ ಯಾವ ಬಿರುದಿನಿಂದಲೂ ಕಾಳು ಮರಳಿ ಬರಲಿಲ್ಲ.

ಅದೇ ವರ್ಷ ಸ್ಟೀವನ್‌ಸನ್ ಮತ್ತು ಡಾಲ್ರಿಂಪಲ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳ ತುಕಡಿಗಳು ಅವನ ಮೇಲೆ ಬಂದವು. ಹೊನ್ನಾಳಿ, ಶಿವಮೊಗ್ಗ ಕೋಟೆಗಳು ಅವನ ಕೈತಪ್ಪಿದವು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಪೆಟ್ಟು ತಿಂದು ಮರಾಠ ಸೀಮೆಗೆ ತಪ್ಪಿಸಿಕೊಂಡ. ಅಲ್ಲಿ ಹಳೆಯ ವೈರಿ ಗೋಖಲೆ ಅವನ ಬಿಡಾರದ ಮೇಲೆ ಬಿದ್ದು ದನ, ಫಿರಂಗಿ ಎಲ್ಲ ಕಿತ್ತುಕೊಂಡ. ಕಥೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು. 1800ರ ಬೇಸಿಗೆಗೆ ಅವನು ಮತ್ತೆ ಸಾವಿರಾರು ಸವಾರರೊಂದಿಗೆ ಎದ್ದು ನಿಂತಿದ್ದ.

ಮುಂದೆ ವಾಟರ್ಲೂ ಗೆಲ್ಲಲಿದ್ದ, ಆಗ ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೆ ಮೂವತ್ತೊಂದು ವರ್ಷ. ಡಚ್ಚರ ಬಟಾವಿಯಾ ಮೇಲೆ ಹೋಗುವ ಹಡಗು ಪಡೆಯ ನಾಯಕತ್ವ ಅವನಿಗೆ ಒದಗಿ ಬಂದಿತ್ತು. ಹೆಸರು, ಹಣ ಎರಡೂ ಸಿಗುವ ಅವಕಾಶ. ಧೋಂಡಿಯನ ಕಾರಣಕ್ಕೆ ಅದನ್ನು ಬಿಟ್ಟು ಹರಿಹರಕ್ಕೆ ಬಂದ. ಸಮುದ್ರಕ್ಕೆ ಇಳಿಯಬೇಕಿದ್ದವನನ್ನು ಚನ್ನಗಿರಿಯ ಸವಾರ ತುಂಗಭದ್ರೆಯ ದಡದಲ್ಲಿ ನಿಲ್ಲಿಸಿದ.

ಆಗ ಹರಿಹರದಲ್ಲಿ ಸೇತುವೆಯಿಲ್ಲ. ಕಲ್ಲಿನ ಕಮಾನುಗಳ ಹಳೆಯ ಸೇತುವೆ ಆದದ್ದೇ 1868ರಲ್ಲಿ. ಮುಂಗಾರು ಹಿಡಿದ ಮೇಲೆ ಹೊಳೆ ಹೇಗಿರುತ್ತದೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಕೆಂಪು ನೀರು ದಡ ಮುಟ್ಟಿ, ಆಚೆ ದಡ ಮಬ್ಬಾಗಿ, ಬೇರು ಸಮೇತ ಮರಗಳು ತೇಲಿ ಬರುತ್ತವೆ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲುಗಳೇ ಆಗಿನ ಆಧಾರ. ಜೂನ್ ಕೊನೆಯ ವಾರದ ಹೊತ್ತಿಗೆ ವೆಲ್ಲೆಸ್ಲಿಯ ದಂಡು ಹೊಳೆ ದಾಟಿ ರಾಣೆಬೆನ್ನೂರು ಹಿಡಿದಿತ್ತು. ಅಷ್ಟರಲ್ಲೇ ಅತ್ತ ಧೋಂಡಿಯ ಗೋಖಲೆಯ ಮೇಲೆ ಎರಗಿ ಅವನನ್ನು ಕೊಂದ. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುತ್ತೇನೆಂದು ಪಣ ತೊಟ್ಟಿದ್ದನೆಂದು ಹೇಳುತ್ತಾರೆ.

ಮುಂದಿನದು ಹೊಳೆಗಳ ಕಥೆ. ಕುಂದಗೋಳ, ಡಂಬಳ ಕೋಟೆಗಳು ಬ್ರಿಟಿಷರ ವಶವಾದವು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಎದುರು ಧೋಂಡಿಯನ ಬಿಡಾರ ಇನ್ನೂ ಹೊಳೆ ದಾಟುತ್ತಿತ್ತು. ಫಿರಂಗಿಗಳು ಆಚೆ ದಡ ಸೇರಿದ್ದವು, ಒಂಟೆ, ಆನೆ, ಎತ್ತು, ಸಂಸಾರಗಳು ಈಚೆಯಲ್ಲಿದ್ದವು. ವೆಲ್ಲೆಸ್ಲಿಯ ಕುದುರೆ ಪಡೆ ಹಿಂದಿನಿಂದ ನುಗ್ಗಿದಾಗ ಜನ ತುಂಬಿದ ಹೊಳೆಗೇ ಹಾರಿದರು. ಎಷ್ಟೋ ಮಂದಿ ಮುಳುಗಿಹೋದರು. ಈಜು ಬಲ್ಲ ಬ್ರಿಟಿಷ್ ಸಿಪಾಯಿಗಳು ಆಚೆಗೆ ಈಜಿ ದೋಣಿಯೊಂದನ್ನು ಹಿಡಿದು ಫಿರಂಗಿಗಳನ್ನೂ ವಶಮಾಡಿಕೊಂಡರು. ಧೋಂಡಿಯ ಮಾತ್ರ ಸಿಗಲಿಲ್ಲ. ಮಲಪ್ರಭೆ ಚಿಕ್ಕದಾಗುವ ಉಗಮದ ಕಡೆಯ ಕಾಡಿಗೆ ನುಗ್ಗಿ, ಅಲ್ಲಿ ದಾಟಿ ಉಳಿದುಕೊಂಡ. ಹಡಗು ಒಡೆದ ಮೇಲೆ ಹಲಗೆ ಹಿಡಿದು ದಡ ಸೇರಿದ ನಾವಿಕರ ಕಥೆಗಳನ್ನು ಓದುವಾಗ ನನಗೆ ಈ ಕಾಡುದಾರಿ ನೆನಪಾಗುತ್ತದೆ.

ಆಗಸ್ಟ್ ಕೊನೆಗೆ ನೀರು ಇಳಿದಾಗ ಮಲಪ್ರಭೆಯನ್ನು ಮತ್ತೆ ದಾಟಿ ಪೂರ್ವಕ್ಕೆ ಓಡಿದ. ವೆಲ್ಲೆಸ್ಲಿ ಇದರಿಂದ ಕಲಿತ ಪಾಠ ದೊಡ್ಡದು. ಹಗುರ ಕುದುರೆ ಪಡೆಯನ್ನು ಬೇಸಿಗೆಯಲ್ಲಿ ಹಿಡಿಯಲಾಗದು. ಹೊಳೆ ತುಂಬಿದಾಗ ಅದು ಸಿಕ್ಕಿಬೀಳುತ್ತದೆ, ದೋಣಿ ಸಿದ್ಧವಿಟ್ಟುಕೊಂಡವನು ಗೆಲ್ಲುತ್ತಾನೆ. ಮುಂದೆ ಮರಾಠರ ವಿರುದ್ಧದ ಯುದ್ಧಕ್ಕೂ ಮಳೆಗಾಲವೇ ಸರಿ ಎಂದು ಅವನು ಬರೆದಿಟ್ಟ. ಈ ಪಾಠವನ್ನು ಅವನಿಗೆ ಕಲಿಸಿದ್ದು ನಮ್ಮ ಹೊಳೆಗಳು.

ಸೆಪ್ಟೆಂಬರ್ 10ರ ಬೆಳಿಗ್ಗೆ ರಾಯಚೂರು ಕಡೆಯ ಕೋಣಗಲ್ ಬಳಿ ಮುಖಾಮುಖಿ. ಧೋಂಡಿಯನ ಕಡೆ ಸುಮಾರು ಐದು ಸಾವಿರ ಸವಾರರು. ವೆಲ್ಲೆಸ್ಲಿ ತನ್ನ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯ ಅಲ್ಲೇ ಬಿದ್ದ. ಅವನ ಹೆಣವನ್ನು ಫಿರಂಗಿಗೆ ಕಟ್ಟಿ ಬ್ರಿಟಿಷರ ಬಿಡಾರಕ್ಕೆ ತಂದರು.

ಸರಂಜಾಮಿನ ನಡುವೆ ಸುಮಾರು ನಾಲ್ಕು ವರ್ಷದ ಹುಡುಗನೊಬ್ಬ ಸಿಕ್ಕ. ಧೋಂಡಿಯನ ಮಗ, ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿ ಸಾಕಿದ. 1805ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಡುವಾಗ ಹುಡುಗನ ಖರ್ಚಿಗೆ ಹಣ ಕೊಟ್ಟು ಶ್ರೀರಂಗಪಟ್ಟಣದಲ್ಲಿ ಬಿಟ್ಟುಹೋದ. ಅಪ್ಪ ಸಂಕೋಲೆಯಲ್ಲಿದ್ದ ಊರಿನಲ್ಲೇ ಮಗ ದೊಡ್ಡವನಾದ. ಆಮೇಲೆ ಮೈಸೂರು ಅರಸರ ಚಾಕರಿಗೆ ಸೇರಿ, 1822ರಲ್ಲಿ ಕಾಲರಾ ತಗಲಿ ತೀರಿಕೊಂಡ.