ಹೊರೆ ಹೊರುವುದೋ, ಬೆಟ್ಟ ಹತ್ತುವುದೋ?

ಕೋಲಾರದ ಎಪಿಎಂಸಿ ಅಂಗಳಕ್ಕೆ ಟೊಮೆಟೊ ತುಂಬಿಕೊಂಡು ಬರುವ ಗಾಡಿಗೂ ಪಿಕಪ್ ಎಂದೇ ಹೆಸರು. ಮೂಡಿಗೆರೆಯ ಕಾಫಿ ತೋಟದೊಳಗೆ ಕೆಸರಿನ ಏರು ಹತ್ತುವ ಗಾಡಿಗೂ ಅದೇ ಹೆಸರು. ಎರಡಕ್ಕೂ ಮುಂದೆ ಚಾಲಕನ ಕ್ಯಾಬಿನ್, ಹಿಂದೆ ತೆರೆದ ಬಾಡಿ. ಆದರೆ ಹುಟ್ಟುಗುಣ ಮಾತ್ರ ಬೇರೆ ಬೇರೆ. ಐಟಿಐ, ಡಿಪ್ಲೊಮಾ ಮುಗಿಸಿ ಸ್ವಂತ ಗಾಡಿ ಇಟ್ಟು ದುಡಿಯುವ ಕನಸು ಕಾಣುವ ಹುಡುಗರು ಮತ್ತು ಆ ಸಾಲಕ್ಕೆ ಜಾಮೀನು ನಿಲ್ಲುವ ತಂದೆ-ತಾಯಿ ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಜಾಹೀರಾತಿನ ಚಿತ್ರ ನೋಡಿ ಆರಿಸಿದ ಗಾಡಿ ಕಂತಿನ ದುಡ್ಡು ದುಡಿದು ಕೊಡುತ್ತದೆಂಬ ಭರವಸೆ ಇಲ್ಲ.

ಕಣದಲ್ಲಿರುವ ಸ್ಪರ್ಧಿಗಳು

ಟೊಯೊಟಾ ಕಂಪನಿ ಜಪಾನಿನಲ್ಲಿ 1968ರಲ್ಲಿ ಹೊರತಂದ ಹೈಲಕ್ಸ್ ಜಗತ್ತಿನ ಅತಿ ಪ್ರಸಿದ್ಧ ಪಿಕಪ್‌ಗಳಲ್ಲಿ ಒಂದು. 2003ರಲ್ಲಿ ಬಿಬಿಸಿಯ 'ಟಾಪ್ ಗೇರ್' ಕಾರ್ಯಕ್ರಮದವರು ಹಳೆಯ ಹೈಲಕ್ಸ್ ಒಂದನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವಲಿದ್ದ ಕಟ್ಟಡದ ನೆತ್ತಿಯ ಮೇಲಿಟ್ಟರೂ ಅದು ಮತ್ತೆ ಚಾಲೂ ಆಯಿತು. ಭಾರತಕ್ಕೆ ಇದು ಬಂದದ್ದು 2022ರಲ್ಲಿ. ಜೋಡಣೆ ನಡೆದದ್ದು ನಮ್ಮ ಬಿಡದಿಯಲ್ಲೇ. ಇದರ ಎದುರಾಳಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಿಂದ ಅದು 2016ರಲ್ಲೇ ಹೊರಬಂದಿತ್ತು. ಇವೆರಡೂ ಐದು ಜನ ಕೂರುವ ಡಬಲ್ ಕ್ಯಾಬಿನ್ ಗಾಡಿಗಳು.

ಇನ್ನೊಂದು ಸಾಲಿನಲ್ಲಿ ನಮ್ಮ ಹಳ್ಳಿ-ಪೇಟೆಗಳ ಪರಿಚಿತ ಮುಖಗಳಿವೆ: ಮಹೀಂದ್ರ ಬೊಲೆರೊ ಪಿಕಪ್ ಮತ್ತು ಟಾಟಾ ಯೋಧ. ಟಾಟಾದವರು ಈ ಕ್ಷೇತ್ರಕ್ಕೆ 1988ರಲ್ಲೇ 'ಟಾಟಾಮೊಬೈಲ್' ಮೂಲಕ ಕಾಲಿಟ್ಟಿದ್ದರು.

ಬೆಲೆಯಲ್ಲಿ ಅಜಗಜಾಂತರ. 2022ರಲ್ಲಿ ಹೈಲಕ್ಸ್‌ನ ಆರಂಭದ ಬೆಲೆ ಸುಮಾರು 34 ಲಕ್ಷ ರೂಪಾಯಿ. ಆ ಹಣಕ್ಕೆ ಬೊಲೆರೊ ಪಿಕಪ್ ಮೂರು ಬರುತ್ತಿದ್ದವು.

ಟನ್ನಿನ ಲೆಕ್ಕ

ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ನಿನದು 204 ಅಶ್ವಶಕ್ತಿ. ಅದರ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಆಟೊಮ್ಯಾಟಿಕ್ ಮಾದರಿಯಲ್ಲಿ 500 ನ್ಯೂಟನ್ ಮೀಟರ್. ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ನಿನದು 163 ಅಶ್ವಶಕ್ತಿ, 360 ನ್ಯೂಟನ್ ಮೀಟರ್. ಬೊಲೆರೊ ಪಿಕಪ್‌ನ ಟಾರ್ಕ್ 200ರ ಆಸುಪಾಸು. ಅಂಕಿಗಳನ್ನಷ್ಟೇ ನೋಡಿದರೆ ಬೊಲೆರೊ ಸೋತಂತೆಯೇ. ಆದರೆ ಹೊರೆಯ ಲೆಕ್ಕ ಬೇರೆ.

ಪ್ರತಿ ಗಾಡಿಯ ನೋಂದಣಿ ಪುಸ್ತಕದಲ್ಲಿ ಎರಡು ತೂಕಗಳಿರುತ್ತವೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ತುಂಬಿದ ಗಾಡಿಯ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವಷ್ಟೇ ನಿಮ್ಮ ಪಾಲು. ಅದರಲ್ಲಿ ಕುಳಿತವರ ತೂಕವೂ ಸೇರಿದೆ. 65 ಕಿಲೊ ತೂಗುವ ಐದು ಜನ ಕುಳಿತರೆ 325 ಕಿಲೊ ಅಲ್ಲಿಗೇ ಮುಗಿಯಿತು. ಡಬಲ್ ಕ್ಯಾಬಿನ್ ಗಾಡಿ ಎಡವುವುದು ಇಲ್ಲಿಯೇ. ಆಸನಗಳು ಜಾಗ ತಿಂದು ಹಿಂದಿನ ಬಾಡಿಗೆ ಸುಮಾರು ಐದು ಅಡಿ ಉದ್ದ ಮಾತ್ರ ಉಳಿಯುತ್ತದೆ. ಬೊಲೆರೊ ಪಿಕಪ್‌ನ ದೊಡ್ಡ ಮಾದರಿಯ ಬಾಡಿ ಒಂಬತ್ತು ಅಡಿಯಷ್ಟಿದೆ. ಒಂದೂವರೆ ಟನ್ ಹೊರುವ ಗಾಡಿಯಲ್ಲಿ 15 ಕಿಲೊ ಟೊಮೆಟೊ ಹಿಡಿಯುವ ಪೆಟ್ಟಿಗೆಗಳನ್ನು ನೂರಕ್ಕೆ ತುಸು ಕಡಿಮೆ ಪೇರಿಸಬಹುದು. 2022ರಲ್ಲಿ ಬಂದ ಯೋಧ 2.0 ಎರಡು ಟನ್ನಿನವರೆಗೆ ಹೊರುತ್ತದೆ.

ಕಡಿಮೆ ಬಲದ ಎಂಜಿನ್ ಅಷ್ಟು ಭಾರ ಎಳೆಯುವುದು ಹೇಗೆ? ಉತ್ತರ ಗೇರಿನಲ್ಲಿದೆ. ವೇಗ ಬಿಟ್ಟುಕೊಟ್ಟು ಬಲ ಪಡೆಯುವುದು ಸನ್ನೆಕೋಲಿನಷ್ಟೇ ಹಳೆಯ ವಿದ್ಯೆ. ಸಂತೆಗೆ ಹೋಗುವ ಗಾಡಿ ಗಂಟೆಗೆ 150 ಕಿಲೊಮೀಟರ್ ಓಡಬೇಕಾಗಿಲ್ಲವಲ್ಲ!

ಕೆಸರಿನಲ್ಲಿ ಕೈ ಹಿಡಿಯುವುದು ಯಾವುದು?

ಜೂನ್ ತಿಂಗಳ ಮಲೆನಾಡಿನ ತೋಟದ ದಾರಿಯಲ್ಲಿ ಮಾತ್ರ ಆಟದ ನಿಯಮ ಬದಲಾಗುತ್ತದೆ. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆ ಅನುವು ಮಾಡಿಕೊಡುವುದು ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗೂಡು. ರಸ್ತೆಯಲ್ಲಿ ಉಪಕಾರಿಯಾದ ಇದೇ ಸಾಧನ ಕೆಸರಿನಲ್ಲಿ ಕೈಕೊಡುತ್ತದೆ. ಒಂದು ಚಕ್ರ ಜಾರತೊಡಗಿದರೆ ಅದು ಸುಮ್ಮನೆ ಗಿರಗಿರನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಜೊತೆಗಾರ ಚಕ್ರಕ್ಕೆ ಬಲವೇ ತಲುಪುವುದಿಲ್ಲ. ಹೈಲಕ್ಸ್‌ನಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ 'ಡಿಫರೆನ್ಷಿಯಲ್ ಲಾಕ್' ಇದೆ. ಗುಂಡಿ ಒತ್ತಿದರೆ ಎರಡೂ ಒಂದಾಗಿ ತಿರುಗುತ್ತವೆ.

ನಾಲ್ಕು ಚಕ್ರ ಚಾಲನೆ ಮತ್ತು 'ಲೋ ರೇಂಜ್' ಗೇರು ಹೈಲಕ್ಸ್, ವಿ-ಕ್ರಾಸ್ ಎರಡರಲ್ಲೂ ಸಿಗುತ್ತವೆ. ಲೋ ರೇಂಜ್ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಚಕ್ರದ ಬಲ ಅಷ್ಟೇ ಪಟ್ಟು ಏರುತ್ತದೆ. ಇಳಿಜಾರಿನಲ್ಲೂ ಬ್ರೇಕ್ ಕಾಯಿಸದೆ ಮೆಲ್ಲಗೆ ಇಳಿಯಬಹುದು. ಆದರೆ ಒಣ ಡಾಂಬರು ರಸ್ತೆಯಲ್ಲಿ ಇವುಗಳ ನಾಲ್ಕು ಚಕ್ರ ಚಾಲನೆ ಬಳಸಿದರೆ ಗೇರುಗಳಿಗೇ ಪೆಟ್ಟು.

ಹಳ್ಳ ದಾಟಲು ಹೈಲಕ್ಸ್‌ಗೆ ಕಂಪನಿ ಹೇಳಿದ ಮಿತಿ 70 ಸೆಂಟಿಮೀಟರ್ ನೀರು. ಮುಂದಿನ ಬಂಪರ್ ನೆಲಕ್ಕೆ ತಾಗದೆ ದಿಣ್ಣೆ ಏರುವ ಕೋನ 29 ಡಿಗ್ರಿ. ತ್ರಿಕೋನಮಿತಿ ಓದಿದವರು ಲೆಕ್ಕ ಹಾಕಿ ನೋಡಲಿ: ಒಂದು ಮೀಟರ್ ಮುಂದೆ ಹೋದರೆ 55 ಸೆಂಟಿಮೀಟರ್ ಮೇಲೇರುವ ದಿಣ್ಣೆ ಅದು. ಆದರೆ ಮೂರು ಮೀಟರಿಗೂ ಮಿಕ್ಕ ಚಕ್ರಾಂತರ ಹೈಲಕ್ಸ್, ವಿ-ಕ್ರಾಸ್ ಎರಡಕ್ಕೂ ತೊಡಕೇ. ಕಡಿದಾದ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ನೆಲಕ್ಕೆ ಕಚ್ಚಿಕೊಳ್ಳಬಹುದು. ಇಕ್ಕಟ್ಟಾದ ತಿರುವಿನಲ್ಲಿ ಒಮ್ಮೆ ಹಿಂದೆ ಸರಿದು ಮತ್ತೆ ತಿರುಗಿಸಬೇಕಾದೀತು.

ಖಾಲಿ ಬೆನ್ನಿನ ತೊಂದರೆ

ಈ ಎಲ್ಲ ಗಾಡಿಗಳ ಹಿಂಭಾಗವನ್ನು ಹೊತ್ತಿರುವುದು ಲಾರಿಯವರು 'ಪ್ಲೇಟು' ಎನ್ನುವ ಲೀಫ್ ಸ್ಪ್ರಿಂಗ್. ಭಾರ ಹೊರಲು ಇದು ಬಿರುಸಾಗಿರಬೇಕು. ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಡದಿರಲು ಮೆದುವಾಗಿರಬೇಕು. ಎರಡನ್ನೂ ಪೂರ್ತಿ ಸಾಧಿಸುವುದು ಯಾವ ಎಂಜಿನಿಯರಿಗೂ ಆಗದು. ಬೊಲೆರೊ, ಯೋಧ ಗಾಡಿಗಳು ಹೊರೆಯ ಕಡೆ ವಾಲಿದರೆ, ಹೈಲಕ್ಸ್, ವಿ-ಕ್ರಾಸ್ ದುರ್ಗಮ ದಾರಿ ಮತ್ತು ದೂರ ಪ್ರಯಾಣದ ಕಡೆ ವಾಲಿವೆ. ಎರಡೂ ಬಗೆಯ ಗಾಡಿಗಳು ಬೆನ್ನು ಖಾಲಿಯಿದ್ದಾಗ ಕುಪ್ಪಳಿಸುತ್ತವೆ. ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗಿ ಮಳೆಗಾಲದ ತಿರುವಿನಲ್ಲಿ ಜಾರುವುದೂ ಉಂಟು. ಚಾಲನೆ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಹಿರಿಯರು ತಪ್ಪದೆ ಹೇಳಬೇಕು.

ಯಾರಿಗೆ ಯಾವುದು?

ತರಕಾರಿ, ಹಾಲು, ಸಿಮೆಂಟು ಸಾಗಿಸಿ ಬಾಡಿಗೆಯಿಂದ ಬದುಕುವವರಿಗೆ ಬೊಲೆರೊ ಅಥವಾ ಯೋಧವೇ ಸರಿ. ಬಿಡಿಭಾಗ ತಾಲೂಕು ಕೇಂದ್ರಗಳಲ್ಲೂ ಸಿಗುತ್ತದೆ, ರಿಪೇರಿ ಬಲ್ಲ ಮೆಕ್ಯಾನಿಕ್ ದೊರೆಯುವುದೂ ಸುಲಭ. ತೋಟದ ದಾರಿ ಕೆಟ್ಟದ್ದಾಗಿದ್ದು ಹೊರೆಯೂ ಇದ್ದರೆ ನಾಲ್ಕು ಚಕ್ರ ಚಾಲನೆಯ ಬೊಲೆರೊ ಕ್ಯಾಂಪರ್ ಅಥವಾ ಯೋಧ ಮಾದರಿಗಳನ್ನು ವಿಚಾರಿಸಬಹುದು. ಹೈಲಕ್ಸ್, ವಿ-ಕ್ರಾಸ್ ಒಪ್ಪುವುದು ಮನೆಮಂದಿಗೂ ತೋಟಕ್ಕೂ ಒಂದೇ ಗಾಡಿ ಬೇಕೆನ್ನುವ, ಕೈಯಲ್ಲಿ ಹಣವಿರುವ ಕುಟುಂಬಕ್ಕೆ. ಬಾಡಿಗೆ ದುಡಿಮೆಯಿಂದ ಅವುಗಳ ಕಂತು ತೀರಿಸಹೊರಟರೆ ಹಾಸಿಗೆಯಿಂದಾಚೆಗೆ ಕಾಲು ಚಾಚಿದಂತೆ.

ಯಾವ ಗಾಡಿಯಾದರೂ ಮಿತಿ ಮೀರಿ ಹೇರಿದರೆ ಬ್ರೇಕು ಕೇಳುವುದಿಲ್ಲ, ಟಯರು ಸಿಡಿಯುತ್ತದೆ. 2019ರ ತಿದ್ದುಪಡಿಯಂತೆ ಇದಕ್ಕೆ 20,000 ರೂಪಾಯಿ ದಂಡ. ಜೊತೆಗೆ ಹೆಚ್ಚುವರಿ ಟನ್ನಿಗೆ ತಲಾ 2,000. ಅದಕ್ಕಿಂತ ಘೋರವಾದದ್ದು ಕೂಲಿಯಾಳುಗಳನ್ನೋ ಮದುವೆ ದಿಬ್ಬಣವನ್ನೋ ಹಿಂದಿನ ಬಾಡಿಯಲ್ಲಿ ತುಂಬಿಕೊಂಡು ಹೋಗುವ ರೂಢಿ. ಕಾನೂನು ಇದನ್ನು ಒಪ್ಪುವುದಿಲ್ಲ. ಟೊಮೆಟೊ ಪೆಟ್ಟಿಗೆ ಉರುಳಿದರೆ ಒಂದು ದಿನದ ನಷ್ಟ. ಆ ಬಾಡಿಯಲ್ಲಿ ಕುಳಿತವರಿಗೆ ಹಿಡಿದುಕೊಳ್ಳಲು ಪಟ್ಟಿಯಿಲ್ಲ, ಕಾಪಾಡಲು ಮಾಡಿಲ್ಲ.

ಮುಂದಿನ ಸಲ ಸಂತೆಬೀದಿಯಲ್ಲಿ ಪಿಕಪ್ ನಿಂತಿದ್ದರೆ ಬಣ್ಣ ನೋಡುವ ಮೊದಲು ಬಗ್ಗಿ ಅದರ ಹಿಂದಿನ ಚಕ್ರಗಳ ನಡುವೆ ಕಣ್ಣಾಡಿಸಿ. ಪ್ಲೇಟುಗಳೆಷ್ಟು, ಡಿಫರೆನ್ಷಿಯಲ್ ಗೂಡು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗಮನಿಸಿ. ಆ ಗಾಡಿಯನ್ನು ಯಾವ ಕೆಲಸಕ್ಕೆಂದು ಕಟ್ಟಿದ್ದಾರೆ ಎಂಬುದು ಅಲ್ಲೇ ಅರ್ಧ ತಿಳಿಯುತ್ತದೆ.