ಇಗ್ಗಪ್ಪ ಹೆಗಡೆ ಆಡಿದ್ದು ಮನೆಮಾತು

'ಆನು', 'ಎಂತದು', 'ಅಡ್ಡಿಲ್ಲೆ'. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ದಿನಾ ಕೇಳುವ ಮಾತು. ಈ ಮಾತನ್ನೇ ಹಿಡಿದು 1887ರಲ್ಲಿ ಒಂದು ನಾಟಕ ಬಂತು: 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'. ಬರೆದವರು ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು.

ನಾಟಕದ ಗುರಿ ಕನ್ಯಾವಿಕ್ರಯ. ಆಗ ದುಡ್ಡು ಎಣಿಸಿಕೊಂಡು ಮಗಳನ್ನು ಧಾರೆ ಎರೆಯುವವರಿದ್ದರು. ವಯಸ್ಸಾದವನಿಗೆ ಎಳೆ ಹುಡುಗಿ! ಶಾಸ್ತ್ರಿಗಳು ಉಪದೇಶ ಮಾಡಲಿಲ್ಲ, ನಗಿಸಿದರು. ಜಗಲಿಯಲ್ಲಿ ಕೂತು ಚೌಕಾಸಿ ಮಾಡುವವರಿಗೆ ತಮ್ಮದೇ ಮಾತು ಕೇಳಿಸಿದರು.

ಅದಕ್ಕೂ ಮೊದಲು, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಪತ್ರಕರ್ತ ಡೇವಿಡ್ ರಾಸ್ ಲಾಕ್ ಇಂಥದ್ದೇ ಕೆಲಸ ಮಾಡಿದ್ದ. ಅವನು ಸೃಷ್ಟಿಸಿದ ಪಾದ್ರಿ ನ್ಯಾಸ್ಬಿ ಒರಟು ಆಡುಮಾತಿನಲ್ಲಿ, ತಪ್ಪು ಕಾಗುಣಿತದಲ್ಲಿ ಗುಲಾಮಗಿರಿಯ ಪರ ಪತ್ರ ಬರೆಯುತ್ತಿದ್ದ. ಓದಿದವರಿಗೆ ಆ ವಾದದ ಹುಳುಕು ತಾನಾಗಿ ಕಾಣುತ್ತಿತ್ತು. ಲಿಂಕನ್‌ಗೆ ಈ ಪತ್ರಗಳೆಂದರೆ ಪ್ರಾಣ. ಯುದ್ಧ ಮುಗಿದ ಮೇಲೂ ಲಾಕ್ ಬರೆಯುತ್ತಲೇ ಹೋದ.

ಆದರೆ ಲಾಕ್ ಅಣಕಿಸಿದ್ದು ಎದುರಾಳಿಯನ್ನು. ಶಾಸ್ತ್ರಿಗಳು ಪ್ರಶ್ನಿಸಿದ್ದು ಸ್ವಂತ ಸಮಾಜವನ್ನು, ಅದೂ ಅದರದೇ ನುಡಿಯಲ್ಲಿ. ನನಗೆ ಇದೇ ಹೆಚ್ಚಿನ ಧೈರ್ಯ ಅನ್ನಿಸುತ್ತದೆ. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಎಂದು ವಿಮರ್ಶಕರು ಗುರುತಿಸುವುದೂ ಈ ಪ್ರಹಸನವನ್ನೇ.